ಸದ್ದು ಹೊರಗೆ, ದೋಷ ಒಳಗೆ?
ಎರಡು ಚಲನಚಿತ್ರ ಮತ್ತು ಒಂದು ಪುಸ್ತಕದ ವಿಮರ್ಶೆ

‘ಆಟಿಸಂ’ ಎಂಬ ಪದದ ಮೂಲ ಗ್ರೀಕ್ ಭಾಷೆಯ ‘ಆಟೋಸ್’. ಹಾಗೆಂದರೆ ‘ತಾನು’. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ, ಸ್ವಮಗ್ನತೆ ಎಂಬ ಪದಗಳು ಬಳಕೆಗೆ ಬಂದಿವೆ. ತನ್ನಲ್ಲೇ ಲೀನನಾದವನು, ಹೊರಜಗತ್ತಿನ ಪರಿವೆಯೇ ಇಲ್ಲದವನು ಎಂಬ ಚಿತ್ರವನ್ನು ಈ ಹೆಸರುಗಳು ನಮ್ಮ ಮನಸ್ಸಿನಲ್ಲಿ ಮೂಡಿಸುತ್ತವೆ. ಆದರೆ ಆಟಿಸಂ ಇರುವ ವಯಸ್ಕರು ತಾವೇ ಬರೆದುಕೊಂಡದ್ದನ್ನು ಓದಿದರೆ ಇದಕ್ಕೆ ತದ್ವಿರುದ್ಧವಾದ ದೂರು ಕೇಳಿಬರುತ್ತದೆ. ಹೊರಜಗತ್ತು ಅಳತೆ ಮೀರಿ ಒಳಕ್ಕೆ ನುಗ್ಗುತ್ತದೆ, ಅದನ್ನು ತಡೆಯಲು ಆಗುವುದಿಲ್ಲ ಎಂಬುದು ಅವರಲ್ಲಿ ಹಲವರ ಅಳಲು.

ಹೆಸರು ಹೇಳುವುದಕ್ಕೂ ಅನುಭವ ಹೇಳುವುದಕ್ಕೂ ನಡುವೆ ಇರುವ ಈ ಅಂತರವನ್ನು ಪರಿಶೀಲಿಸಲು ಮೂರು ಕೃತಿಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಮೊದಲನೆಯದು 1988ರ ‘ರೇನ್ ಮ್ಯಾನ್’ ಚಲನಚಿತ್ರ. ಎರಡನೆಯದು ಟೆಂಪಲ್ ಗ್ರಾಂಡಿನ್ ಅವರ ‘ಥಿಂಕಿಂಗ್ ಇನ್ ಪಿಕ್ಚರ್ಸ್’ (1995). ಮೂರನೆಯದು ಅವರ ಬದುಕನ್ನು ಆಧರಿಸಿ 2010ರಲ್ಲಿ ಅಮೆರಿಕದ ಎಚ್‌ಬಿಒ ವಾಹಿನಿ ತೋರಿಸಿದ ಚಿತ್ರ. ಮನೋವೈದ್ಯನಲ್ಲದ ಭೌತಶಾಸ್ತ್ರದ ಅಧ್ಯಾಪಕನಿಗೆ ಇಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಈ ಮೂರೂ ಕೃತಿಗಳಲ್ಲಿ ಸಂಕಟದ ಸಂದರ್ಭಗಳನ್ನು ಪಟ್ಟಿ ಮಾಡಿದರೆ ಮತ್ತೆ ಮತ್ತೆ ಸಿಗುವುದು ಶಬ್ದ, ಸ್ಪರ್ಶ, ತಾಪ, ಚಲನೆ. ಇವೆಲ್ಲ ನಾವು ದಿನವೂ ಪಾಠ ಮಾಡುವ ವಿಷಯಗಳೇ.

ರೇನ್ ಮ್ಯಾನ್: ಕಂಡದ್ದು ನಿಜ, ಕಾರಣ ಕಾಣೆ

ಬ್ಯಾರಿ ಲೆವಿನ್‌ಸನ್ ನಿರ್ದೇಶಿಸಿದ ಈ ಚಿತ್ರ ನಾಲ್ಕು ಆಸ್ಕರ್ ಪ್ರಶಸ್ತಿಗಳನ್ನು ಗೆದ್ದಿತು. ಡಸ್ಟಿನ್ ಹಾಫ್‌ಮನ್ ಆಟಿಸಂ ಇರುವ ನಡುವಯಸ್ಸಿನ ರೇಮಂಡ್ ಆಗಿ, ಟಾಮ್ ಕ್ರೂಸ್ ಅವನ ತಮ್ಮ ಚಾರ್ಲಿಯಾಗಿ ನಟಿಸಿದ್ದಾರೆ. ತಂದೆಯ ಆಸ್ತಿ ಅಣ್ಣನ ಪಾಲಾಯಿತೆಂದು ತಿಳಿದ ಚಾರ್ಲಿ, ಅಣ್ಣನನ್ನು ಅವನು ಬಹುಕಾಲದಿಂದ ಇದ್ದ ಆಶ್ರಯಧಾಮದಿಂದ ಹೊರತಂದು ಲಾಸ್ ಏಂಜಲೀಸ್‌ಗೆ ಕರೆದೊಯ್ಯುತ್ತಾನೆ. ಆ ಪ್ರಯಾಣವೇ ಕಥೆ.

ಈ ಚಿತ್ರದ ಮೇಲೆ ಸಾಮಾನ್ಯವಾಗಿ ಬರುವ ಆಕ್ಷೇಪ ರೇಮಂಡ್‌ನ ಅಸಾಧಾರಣ ಲೆಕ್ಕಾಚಾರ ಮತ್ತು ಜ್ಞಾಪಕಶಕ್ತಿಯನ್ನು ಕುರಿತದ್ದು. ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಅವರಿಗೆ ಮೆದುಳಿನ ಎರಡು ಅರೆಗೋಳಗಳನ್ನು ಜೋಡಿಸುವ ನರತಂತುಗಳ ಪಟ್ಟಿಯೇ ಹುಟ್ಟಿನಿಂದ ಇರಲಿಲ್ಲ. ಅವರಿಗೆ ಇದ್ದದ್ದು ಆಟಿಸಂ ಅಲ್ಲ ಎಂಬ ಅಭಿಪ್ರಾಯವೂ ಮುಂದೆ ಬಂತು. ಆಟಿಸಂ ಇರುವ ಬಹುಪಾಲು ಜನರಿಗೆ ಇಂಥ ಶಕ್ತಿಗಳು ಇರುವುದಿಲ್ಲ. ಆಕ್ಷೇಪ ಸರಿಯಾದದ್ದೇ. ಆದರೆ ನನ್ನ ತಕರಾರು ಬೇರೆ ಕಡೆ ಇದೆ. ಚಿತ್ರ ರೇಮಂಡ್‌ನ ಸಂಕಟವನ್ನು ತೋರಿಸುವ ರೀತಿಯನ್ನು ನೋಡೋಣ.

ವಿಮಾನ ನಿಲ್ದಾಣದಲ್ಲಿ ರೇಮಂಡ್ ವಿಮಾನ ಹತ್ತಲು ಒಪ್ಪುವುದಿಲ್ಲ, ಬಲವಂತ ಮಾಡಿದಾಗ ಕಿರುಚುತ್ತಾನೆ. ಬಚ್ಚಲಿನ ತೊಟ್ಟಿಗೆ ಬಿಸಿನೀರು ಬಿಟ್ಟಾಗ ಹಳೆಯ ನೆನಪೊಂದು ಕೆರಳಿ ಚೀರಾಡುತ್ತಾನೆ. ಕೊನೆಯ ಭಾಗದಲ್ಲಿ, ತಮ್ಮನ ಮನೆಯಲ್ಲಿ ತಿಂಡಿ ಬಿಸಿ ಮಾಡುವಾಗ ಹೊಗೆಯೆದ್ದು ಅಲಾರಂ ಕೂಗಿದಾಗ ತಲೆ ಚಚ್ಚಿಕೊಳ್ಳುತ್ತಾನೆ. ಹಾಫ್‌ಮನ್ ಅವರ ಅಭಿನಯದಲ್ಲಿ ಉತ್ಪ್ರೇಕ್ಷೆ ಇಲ್ಲ. ಇಂಥ ಸ್ಥಿತಿಯನ್ನು ಕಂಡವರು ಅದನ್ನು ಒಪ್ಪುತ್ತಾರೆ. ಆದರೆ ಕ್ಯಾಮೆರಾ ಮೂರು ಸಂದರ್ಭಗಳಲ್ಲೂ ಹೊರಗೆ ನಿಂತು ರೇಮಂಡ್‌ನನ್ನು ನೋಡುತ್ತದೆ. ಅವನ ಕಿವಿಗೆ ಏನು ಬಿತ್ತು ಎಂದು ಕೇಳಿಸುವುದಿಲ್ಲ.

ಆ ಅಲಾರಂ ಅನ್ನೇ ತೆಗೆದುಕೊಳ್ಳಿ. ಅಮೆರಿಕದ ಮಾನಕದಂತೆ ಮನೆಯ ಹೊಗೆ ಅಲಾರಂ 10 ಅಡಿ ದೂರದಲ್ಲಿ ಕನಿಷ್ಠ 85 ಡೆಸಿಬೆಲ್ ಸದ್ದು ಮಾಡಬೇಕು. ಸಾಮಾನ್ಯ ಮಾತುಕತೆಯ ಸದ್ದು ಸುಮಾರು 60 ಡೆಸಿಬೆಲ್. ವ್ಯತ್ಯಾಸ 25 ತಾನೇ ಎನ್ನಬೇಡಿ. ಡೆಸಿಬೆಲ್ ಲಾಗರಿದಮಿಕ್ ಮಾನವಾದ್ದರಿಂದ ತೀವ್ರತೆಯಲ್ಲಿ ಇದು 300 ಪಟ್ಟಿಗೂ ಹೆಚ್ಚು. ಅಷ್ಟೇ ಅಲ್ಲದೆ ಇಂಥ ಅಲಾರಂಗಳ ಆವೃತ್ತಿ ಸಾಮಾನ್ಯವಾಗಿ 3,000 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು 2,000ದಿಂದ 5,000 ಹರ್ಟ್ಸ್‌ವರೆಗಿನ ವ್ಯಾಪ್ತಿಯಲ್ಲಿ. ಅಂದರೆ ಯಾರನ್ನಾದರೂ ಹೌಹಾರುವಂತೆ ಮಾಡಲೆಂದೇ ರೂಪಿಸಿದ ಸಾಧನ ಅದು. ಶಬ್ದಕ್ಕೆ ಅತಿ ಸಂವೇದಿಯಾದ ವ್ಯಕ್ತಿ ಅದರಿಂದ ಕಂಗೆಟ್ಟರೆ ಅದು ಸಾಧನದ ಯಶಸ್ಸೇ ಹೊರತು ವ್ಯಕ್ತಿಯ ಅಯೋಗ್ಯತೆಗೆ ಪುರಾವೆಯಲ್ಲ. ಆದರೆ ಚಿತ್ರಕಥೆ ಈ ಘಟನೆಯನ್ನು ಇಟ್ಟಿರುವುದು ರೇಮಂಡ್ ಎಲ್ಲಿರಬೇಕೆಂಬ ತೀರ್ಮಾನಕ್ಕೆ ಸ್ವಲ್ಪ ಮೊದಲು. ಅವನು ಹೊರಗೆ ಬದುಕಲಾರ ಎಂಬ ಭಾವನೆ ಪ್ರೇಕ್ಷಕನಲ್ಲಿ ಸದ್ದಿಲ್ಲದೆ ಬೇರೂರುತ್ತದೆ.

ಒಳಹರಿವು, ಹೊರಹರಿವು

ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ದಿನವೂ ಜಲಾಶಯಗಳ ಒಳಹರಿವು ಮತ್ತು ಹೊರಹರಿವಿನ ಪಟ್ಟಿ ಕೊಡುತ್ತವೆ. ಅಣೆಕಟ್ಟೆಗೆ ಅಪಾಯ ಬರುವುದು ಕೊನೆಯ ಒಂದು ಮಳೆಯಿಂದಲ್ಲ. ವಾರಗಟ್ಟಲೆ ಒಳಹರಿವು ಹೆಚ್ಚಿದ್ದು ಹೊರಹರಿವು ಕಡಿಮೆ ಇದ್ದುದರಿಂದ. ಆಟಿಸಂ ಇರುವವರು ‘ಮೆಲ್ಟ್‌ಡೌನ್’ ಎಂದು ಕರೆಯುವ ಸ್ಥಿತಿಗೂ ಈ ಹೋಲಿಕೆ ಬಹುಮಟ್ಟಿಗೆ ಹೊಂದುತ್ತದೆ. ಸದ್ದು, ಬೆಳಕು, ಜನಸಂದಣಿ, ಅನಿರೀಕ್ಷಿತ ಬದಲಾವಣೆ, ಎಲ್ಲರಂತೆ ಕಾಣಿಸಿಕೊಳ್ಳಲು ಪಡುವ ಶ್ರಮ ಇವೆಲ್ಲ ಕೂಡುತ್ತಾ ಹೋಗುತ್ತವೆ. ಮಿತಿ ದಾಟಿದಾಗ ಕಟ್ಟೆಯೊಡೆಯುತ್ತದೆ. ಕೆಲವರಲ್ಲಿ ಇದು ಕಿರುಚಾಟ, ಅಳು, ಓಡಿಹೋಗುವಿಕೆಯಾಗಿ ಕಾಣುತ್ತದೆ. ಇನ್ನು ಕೆಲವರಲ್ಲಿ ಮಾತೇ ನಿಂತು ಮುದುಡಿಕೊಳ್ಳುವಿಕೆಯಾಗಿ ಕಾಣುತ್ತದೆ. ಎರಡನೆಯದು ಯಾರ ಗಮನಕ್ಕೂ ಬಾರದೆ ಹೋಗುವುದೇ ಹೆಚ್ಚು.

ಹಟ ಮತ್ತು ಈ ಸ್ಥಿತಿಯನ್ನು ಬೇರೆ ಮಾಡಿ ನೋಡಬೇಕು. ಹಟಕ್ಕೆ ಒಂದು ಗುರಿ ಇರುತ್ತದೆ, ಕೇಳಿದ್ದು ಸಿಕ್ಕೊಡನೆ ಅದು ನಿಲ್ಲುತ್ತದೆ. ಮೆಲ್ಟ್‌ಡೌನ್ ಅನ್ನು ವ್ಯಕ್ತಿ ಬಯಸಿ ತಂದುಕೊಳ್ಳುವುದಿಲ್ಲ. ಕಾರಣ ನಿವಾರಣೆಯಾದ ಮೇಲೂ ಚೇತರಿಸಿಕೊಳ್ಳಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕಾಗಬಹುದು.

ಈ ದೃಷ್ಟಿಯಿಂದ ‘ರೇನ್ ಮ್ಯಾನ್’ ಅನ್ನು ಮತ್ತೆ ನೋಡಿದರೆ ಅದರ ವಿವರಗಳೇ ಅದರ ತೀರ್ಮಾನಕ್ಕೆ ವಿರುದ್ಧ ಸಾಕ್ಷಿ ಹೇಳುತ್ತವೆ. ರೇಮಂಡ್‌ಗೆ ಅವನ ಹಾಸಿಗೆ, ಅವನ ಊಟದ ಕ್ರಮ, ಹೊತ್ತಿಗೆ ಸರಿಯಾಗಿ ನೋಡುವ ದೂರದರ್ಶನ ಕಾರ್ಯಕ್ರಮ ಎಲ್ಲವೂ ಒಮ್ಮೆಲೇ ತಪ್ಪಿವೆ. ಗಾಬರಿಯಾದಾಗ ಅವನು ಹಳೆಯ ಹಾಸ್ಯ ಸಂಭಾಷಣೆಯೊಂದನ್ನು ಯಾಂತ್ರಿಕವಾಗಿ ಪಠಿಸುತ್ತಾನೆ. ಪ್ರೇಕ್ಷಕರು ನಗುತ್ತಾರೆ, ಚಾರ್ಲಿ ರೇಗುತ್ತಾನೆ. ಅದು ರೇಮಂಡ್ ತಾನೇ ಕಂಡುಕೊಂಡ ತೂಬು, ಹೊರಹರಿವಿನ ದಾರಿ. ಅದನ್ನು ಮುಚ್ಚಿದರೆ ಮಟ್ಟ ಏರದೆ ಇನ್ನೇನಾಗುತ್ತದೆ? ವಿಮಾನದ ಪ್ರಸಂಗದಲ್ಲಿ ಚಾರ್ಲಿ ಕೊನೆಗೆ ಬೇಸತ್ತು ಕಾರಿನಲ್ಲೇ ಹೋಗಲು ಒಪ್ಪುತ್ತಾನೆ. ಚಿತ್ರದಲ್ಲಿ ಇದು ಹಟಕ್ಕೆ ಸೋತಂತೆ ಕಾಣುತ್ತದೆ. ಇಡೀ ಚಿತ್ರದಲ್ಲಿ ರೇಮಂಡ್‌ಗೆ ಸಿಕ್ಕ ಅತ್ಯಂತ ಸಮರ್ಪಕ ನೆರವು ಅದೇ ಎಂಬುದು ಚಿತ್ರ ಮಾಡಿದವರಿಗೆ ಹೊಳೆದಂತಿಲ್ಲ.

ಕೊನೆಯ ದೃಶ್ಯವೊಂದರಲ್ಲಿ ವೈದ್ಯರು ರೇಮಂಡ್‌ನನ್ನು ಕೇಳುತ್ತಾರೆ: ತಮ್ಮನೊಡನೆ ಇರುತ್ತೀಯಾ, ಆಶ್ರಯಧಾಮಕ್ಕೆ ಹೋಗುತ್ತೀಯಾ? ಅವನು ಎರಡಕ್ಕೂ ಹೌದೆನ್ನುತ್ತಾನೆ. ಅವನಿಗೆ ತೀರ್ಮಾನಿಸುವ ಶಕ್ತಿ ಇಲ್ಲವೆಂದು ನಾವು ತಿಳಿಯುತ್ತೇವೆ. ತನ್ನ ಭಾವನೆ ಯಾವುದೆಂದು ಗುರುತಿಸಿ ಅದಕ್ಕೆ ಹೆಸರು ಕೊಡಲು ಕಷ್ಟಪಡುವ ಸ್ಥಿತಿಗೆ ‘ಅಲೆಕ್ಸಿಥೈಮಿಯಾ’ ಎಂದು ಹೆಸರು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಇತರರಲ್ಲಿ ನೂರಕ್ಕೆ ಐದರಷ್ಟು ಮಂದಿಗೆ ಈ ತೊಡಕು ಇದೆ. ಸಂಕಟದ ನಡುವೆ ಬಾಯಿಮಾತಿನ ಪ್ರಶ್ನೆ ಹಾಕಿ ಉತ್ತರಕ್ಕೆ ಒತ್ತಾಯಿಸುವುದು ಅಳತೆಯ ವಿಧಾನವನ್ನೇ ತಪ್ಪಾಗಿ ಆರಿಸಿದಂತೆ. ದೃಶ್ಯದಲ್ಲಿ ಪ್ರಶ್ನೆ ನಿಲ್ಲಿಸಿ ಎಂದು ಚಾರ್ಲಿ ತಡೆಯುತ್ತಾನೆ. ಅಷ್ಟರಮಟ್ಟಿಗೆ ಅವನು ವೈದ್ಯರಿಗಿಂತ ಹೆಚ್ಚು ಕಲಿತಿದ್ದಾನೆ.

ಒತ್ತಡದಿಂದ ಒತ್ತಡ ಇಳಿಸಿದ ಯಂತ್ರ

ಟೆಂಪಲ್ ಗ್ರಾಂಡಿನ್ 1947ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದವರು. ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕರಾಗಿ ಹೆಸರಾದವರು. ‘ಥಿಂಕಿಂಗ್ ಇನ್ ಪಿಕ್ಚರ್ಸ್’ ಪುಸ್ತಕದಲ್ಲಿ ಕ್ಯಾಮೆರಾ ಒಳಗಿನಿಂದ ಹೊರಕ್ಕೆ ತಿರುಗಿದೆ ಎನ್ನಬಹುದು. ಬಾಲ್ಯದಲ್ಲಿ ಶಾಲೆಯ ಗಂಟೆ ತನಗೆ ಉಂಟುಮಾಡುತ್ತಿದ್ದ ನೋವನ್ನು ಅವರು ದಂತವೈದ್ಯರ ಡ್ರಿಲ್ಲಿಗೆ ಹೋಲಿಸುತ್ತಾರೆ. ಹದಿವಯಸ್ಸಿನಿಂದ ಕಾರಣವಿಲ್ಲದ ದಿಗಿಲು ಅವರನ್ನು ಬಿಡದೆ ಕಾಡಿತು. ಅಪ್ಪುಗೆಯ ಹಿತ ಬೇಕೆನಿಸಿದರೂ ಯಾರಾದರೂ ಅಪ್ಪಿಕೊಂಡರೆ ಆ ಸಂವೇದನೆಯ ಪ್ರವಾಹವನ್ನು ತಾಳಲು ಆಗುತ್ತಿರಲಿಲ್ಲ.

ಅರಿಜೋನಾದಲ್ಲಿದ್ದ ಚಿಕ್ಕಮ್ಮನ ದನಗಳ ಫಾರಂನಲ್ಲಿ ಅವರು ಒಂದು ಸಾಧನವನ್ನು ಕಂಡರು. ಲಸಿಕೆ ಹಾಕುವಾಗ ದನ ಅಲುಗದಂತೆ ಎರಡು ಬದಿಯಿಂದ ಒತ್ತಿ ಹಿಡಿಯುವ ಚೌಕಟ್ಟು ಅದು. ಒತ್ತಿದಾಗ ಕೆಲವು ದನಗಳು ಶಾಂತವಾಗುವುದನ್ನು ಗಮನಿಸಿ ತಾವೂ ಅದರೊಳಗೆ ನಿಂತು ನೋಡಿದರು. ದಿಗಿಲು ಇಳಿಯಿತು. 18ನೆಯ ವಯಸ್ಸಿನಲ್ಲಿ ಮನುಷ್ಯರಿಗೆ ಹೊಂದುವ ಯಂತ್ರವನ್ನು ತಾವೇ ಕಟ್ಟಿಕೊಂಡರು. ಮೆತ್ತೆ ಹೊದಿಸಿದ ಎರಡು ಓರೆ ಹಲಗೆಗಳು, ಅವುಗಳ ನಡುವೆ ಮಲಗಿದವರ ಕೈಗೆಟಕುವಂತೆ ಒತ್ತಡ ನಿಯಂತ್ರಿಸುವ ಹಿಡಿ.

ಕನ್ನಡದಲ್ಲಿ ಮನಸ್ಸಿನದಕ್ಕೂ ಭೌತಶಾಸ್ತ್ರದ್ದಕ್ಕೂ ‘ಒತ್ತಡ’ ಎಂಬ ಒಂದೇ ಪದವಿದೆ. ಒಂದು ಒತ್ತಡ ಇನ್ನೊಂದನ್ನು ಇಳಿಸಿದ ಸ್ವಾರಸ್ಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬೆರಳ ತುದಿ ಥಟ್ಟನೆ ತಾಕಿದರೆ ಅದು ಸಣ್ಣ ವಿಸ್ತೀರ್ಣದ ಮೇಲೆ ದಿಢೀರನೆ ಆಗುವ ಬದಲಾವಣೆ. ಯಂತ್ರದ ಹಲಗೆಗಳು ಬಲವನ್ನು ಮೈಯ ವಿಶಾಲ ಭಾಗದ ಮೇಲೆ ಹರಡುತ್ತವೆ, ನಿಧಾನವಾಗಿ ಏರಿಸುತ್ತವೆ. ಒತ್ತಡದ ಪ್ರಮಾಣದಷ್ಟೇ ಅದು ಬದಲಾಗುವ ದರವೂ ಮುಖ್ಯ ಎಂದು ಇದರಿಂದ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಆ ಹಿಡಿ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಒಳಗಿರುವವರ ಕೈಯಲ್ಲೇ ಇದೆ. ಹಿಡಿ ಬೇರೆಯವರ ಕೈಗೆ ಹೋದರೆ ಅದೇ ಯಂತ್ರ ಕಟ್ಟಿಹಾಕುವ ಸಾಧನವಾಗುತ್ತದೆ. ಕಂಗೆಟ್ಟವರನ್ನು ಒಳ್ಳೆಯ ಉದ್ದೇಶದಿಂದಲೇ ಬಲವಾಗಿ ಹಿಡಿದುಕೊಳ್ಳುವವರು ಈ ವ್ಯತ್ಯಾಸವನ್ನು ನೆನಪಿಡಬೇಕು.

ಶಿಕ್ಷಕರಿಗೆ ಬಹಳ ಮುಖ್ಯವಾದ ಒಂದು ಪ್ರಸಂಗ ಈ ಪುಸ್ತಕದಲ್ಲಿದೆ. ಶಾಲೆಯ ಮನಶ್ಶಾಸ್ತ್ರಜ್ಞರು ಯಂತ್ರವನ್ನು ವಿಕೃತಿಯೆಂದು ಬಗೆದು ಕಿತ್ತುಹಾಕಲು ಬಯಸಿದಾಗ, ವಿಜ್ಞಾನದ ಶಿಕ್ಷಕ ಕಾರ್ಲಾಕ್ ಬೇರೆಯೇ ದಾರಿ ತೋರಿಸಿದರು. ಅದು ಏಕೆ ಹಿತವೆನಿಸುತ್ತದೆಂದು ತಿಳಿಯಬೇಕಾದರೆ ವಿಜ್ಞಾನ ಓದು, ಸಂಶೋಧನಾ ಲೇಖನಗಳನ್ನು ಹುಡುಕು ಎಂಬುದು ಅವರ ಸಲಹೆಯ ಸಾರ. ವಿದ್ಯಾರ್ಥಿನಿಯ ವಿಚಿತ್ರ ಗೀಳು ಪ್ರಯೋಗವಾಯಿತು. 1992ರಲ್ಲಿ ಗ್ರಾಂಡಿನ್ ಗಾಢ ಸ್ಪರ್ಶದ ಒತ್ತಡದ ಪರಿಣಾಮಗಳ ಬಗ್ಗೆ ವೈದ್ಯಕೀಯ ನಿಯತಕಾಲಿಕದಲ್ಲಿ ಲೇಖನ ಪ್ರಕಟಿಸಿದರು. ವಿಜ್ಞಾನದ ಮೇಷ್ಟರೊಬ್ಬರು ಮಾಡಬಹುದಾದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಪುಸ್ತಕದ ಮಿತಿಗಳು

ಹಾಗೆಂದು ಪುಸ್ತಕವನ್ನು ಪ್ರಶ್ನಿಸದೆ ಒಪ್ಪಬೇಕಿಲ್ಲ. ಮೊದಲನೆಯದಾಗಿ, ತಾನು ಚಿತ್ರಗಳಲ್ಲಿ ಯೋಚಿಸುವುದರಿಂದ ಆಟಿಸಂ ಇರುವವರೆಲ್ಲ ಹಾಗೆಯೇ ಯೋಚಿಸುತ್ತಾರೆ ಎಂಬ ಸಾಮಾನ್ಯೀಕರಣ ಅದರಲ್ಲಿತ್ತು. 2006ರ ವಿಸ್ತೃತ ಆವೃತ್ತಿಯಲ್ಲಿ ಗ್ರಾಂಡಿನ್ ಅವರೇ ಇದನ್ನು ತಿದ್ದಿ, ವಿನ್ಯಾಸಗಳಲ್ಲಿ ಮತ್ತು ಪದಗಳಲ್ಲಿ ಯೋಚಿಸುವವರೂ ಇದ್ದಾರೆಂದು ಸೇರಿಸಿದರು. ಪುರಾವೆ ಬಂದಾಗ ಸಿದ್ಧಾಂತ ಬದಲಿಸುವುದು ವಿಜ್ಞಾನದ ನಡತೆ.

ಎರಡನೆಯದಾಗಿ, ಯಂತ್ರದ ಪರವಾದ ಪುರಾವೆ ಸಣ್ಣದು. 1999ರಲ್ಲಿ ನಡೆದ ಪ್ರಾಯೋಗಿಕ ಅಧ್ಯಯನದಲ್ಲಿ ಇದ್ದವರು 12 ಮಕ್ಕಳು ಮಾತ್ರ. ಬಿಗುಪು ಕಡಿಮೆಯಾದ ಸೂಚನೆ ಸಿಕ್ಕಿತು, ಅಷ್ಟೇ. ಇದೇ ತತ್ತ್ವದ ಮೇಲೆ ಮಾರಾಟವಾಗುವ ಭಾರದ ಹೊದಿಕೆಗಳನ್ನು ಬ್ರಿಟನ್‌ನಲ್ಲಿ 67 ಮಕ್ಕಳ ಮೇಲೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿದ್ರೆಯ ಅವಧಿ ಹೆಚ್ಚಲಿಲ್ಲ. ಆದರೂ ಮಕ್ಕಳು ಮತ್ತು ಪೋಷಕರು ಸಾಮಾನ್ಯ ಹೊದಿಕೆಗಿಂತ ಅದನ್ನೇ ಮೆಚ್ಚಿದರು. ಎರಡೂ ಮಕ್ಕಳ ಮೇಲಿನ ಅಧ್ಯಯನಗಳು ಎಂಬುದನ್ನು ಗಮನಿಸಿ. ಆಟಿಸಂ ಸಂಶೋಧನೆಯಲ್ಲಿ ಮಕ್ಕಳಿಗೆ ಸಿಕ್ಕಷ್ಟು ಗಮನ ವಯಸ್ಕರಿಗೆ ಸಿಕ್ಕಿಲ್ಲ, ಮಗು ದೊಡ್ಡದಾದೊಡನೆ ಆಟಿಸಂ ಮಾಯವಾಗುತ್ತದೆಯೋ ಎಂಬಂತೆ.

ಮೂರನೆಯ ಮಿತಿ ಹೆಚ್ಚು ಗಂಭೀರವಾದದ್ದು. ಗ್ರಾಂಡಿನ್ ತಮ್ಮ ಸಂಕಟಕ್ಕೆ ತಾವೇ ಯಂತ್ರ ಕಟ್ಟಿಕೊಂಡರು, ಮುಂದೆ ಔಷಧವನ್ನೂ ತೆಗೆದುಕೊಂಡರು. ಎರಡೂ ವ್ಯಕ್ತಿಯೊಬ್ಬರೇ ಮಾಡಿಕೊಳ್ಳುವ ಪರಿಹಾರಗಳು. ನೆರವಿಗೆ ತಾಯಿ, ಚಿಕ್ಕಮ್ಮ, ಒಳ್ಳೆಯ ಶಿಕ್ಷಕರು ಇದ್ದರು. ಇವು ಯಾವುವೂ ಇಲ್ಲದವರ ಪಾಡೇನು ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ತೆಳುವಾಗಿದೆ.

ಮಿಕ್ ಜಾಕ್ಸನ್ ನಿರ್ದೇಶನದ 2010ರ ಚಿತ್ರ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಕ್ಲೇರ್ ಡೇನ್ಸ್ ಅಭಿನಯಿಸಿದ ಟೆಂಪಲ್, ಅಂಗಡಿಯ ತಾನೇ ತೆರೆದುಕೊಳ್ಳುವ ಬಾಗಿಲ ಮುಂದೆ ದಿಗಿಲುಗೊಂಡು ನಿಲ್ಲುತ್ತಾಳೆ. ನಮಗೆ ಅನುಕೂಲವೆನಿಸುವ ಸಾಧನ ಆಕೆಗೆ ಗಿಲೋಟಿನ್‌ನಂತೆ ಕಾಣುತ್ತದೆ. ಸದ್ದು ದೊಡ್ಡದಾಗಿ ನಮ್ಮ ಕಿವಿಗೂ ಬಡಿಯುತ್ತದೆ, ಆಕೆಯ ಕಣ್ಣಿಗೆ ಬೀಳುವ ರೇಖೆಗಳು ಪರದೆಯ ಮೇಲೆ ಮೂಡುತ್ತವೆ. ‘ರೇನ್ ಮ್ಯಾನ್’ ಬಂದ 22 ವರ್ಷಗಳಲ್ಲಿ ಕ್ಯಾಮೆರಾ ಕಲಿತ ಪಾಠ ಇದು. ಆದರೂ ಚಿತ್ರ ಯಶಸ್ಸಿನ ಕಥೆಯಾಗಿಯೇ ಮುಗಿಯುತ್ತದೆ. ಸಂಕಟವನ್ನು ಗೆದ್ದು ಪ್ರತಿಭೆ ತೋರಿಸಿದವರಿಗೆ ಮಾತ್ರ ಗೌರವ ಎಂಬ ಧ್ವನಿ ಅದರಲ್ಲಿ ಉಳಿದುಬಿಡುತ್ತದೆ.

ತಡವಾಗಿ ಒಪ್ಪಿದ ಸತ್ಯ

1943ರಲ್ಲಿ ಲಿಯೊ ಕ್ಯಾನರ್ 11 ಮಕ್ಕಳನ್ನು ವರ್ಣಿಸಿ ಆಟಿಸಂ ಅನ್ನು ಪ್ರತ್ಯೇಕ ಸ್ಥಿತಿಯಾಗಿ ಗುರುತಿಸಿದಾಗಲೇ, ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್ ಮುಂತಾದವುಗಳ ಸದ್ದು ಮತ್ತು ಚಲನೆಗೆ ಅವರಲ್ಲಿ ಕೆಲವರು ತೀವ್ರವಾಗಿ ಭಯಪಡುತ್ತಿದ್ದುದನ್ನು ದಾಖಲಿಸಿದ್ದರು. ಆದರೆ ಸಂವೇದನೆಯ ಏರುಪೇರು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರ ಐದನೆಯ ಆವೃತ್ತಿಯಲ್ಲಿ. ನಡುವೆ 70 ವರ್ಷಗಳು. ಅನುಭವಿಸಿದವರು ಹೇಳುತ್ತಲೇ ಇದ್ದರು, ಅದು ದತ್ತಾಂಶವೆಂದು ಪರಿಗಣಿತವಾಗಲು ಇಷ್ಟು ಕಾಲ ಹಿಡಿಯಿತು. 2012ರಲ್ಲಿ, ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ ಇನ್ನೊಂದು ಮಾತು ಸೇರಿಸಿದರು. ಅರ್ಥವಾಗದಿರುವಿಕೆ ಎರಡು ಕಡೆಯದು. ಅವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ.

ಕ್ಯಾನರ್ ವರದಿಯ ಮೊದಲ ಬಾಲಕ ಡೊನಾಲ್ಡ್ ಟ್ರಿಪ್ಲೆಟ್ 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಾಲ್ಯದಲ್ಲಿ ಅವರನ್ನೂ ಸಂಸ್ಥೆಯೊಂದಕ್ಕೆ ಸೇರಿಸಲಾಗಿತ್ತು, ತಂದೆತಾಯಿ ಮರಳಿ ಕರೆತಂದರು. ಮಿಸಿಸಿಪಿಯ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು, ಗಾಲ್ಫ್ ಆಡಿಕೊಂಡು, ದೇಶವಿದೇಶ ಸುತ್ತಿಕೊಂಡು ಬದುಕಿದರು. ಊರಿನವರು ಅವರ ರೀತಿನೀತಿಗಳನ್ನು ಅರಿತು ಹೊಂದಿಕೊಂಡಿದ್ದರು. ಮನೆತನಕ್ಕೆ ಹಣವಿತ್ತು, ಬ್ಯಾಂಕೂ ಅವರ ಕುಟುಂಬಕ್ಕೆ ಸಂಬಂಧಿಸಿದ್ದೇ ಎಂಬುದನ್ನು ಮರೆಯಬಾರದು. ಆದರೂ ರೇಮಂಡ್‌ನ ಕಥೆಗೆ ಇನ್ನೊಂದು ಮುಕ್ತಾಯ ಸಾಧ್ಯವಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ತರಗತಿಗಳಲ್ಲಿ

ಭಾರತದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ ಅನ್ನು ಹೆಸರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅದನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದಾಗಿ ಸೇರಿಸಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಿಗದಿತ ಪ್ರಮಾಣದ ಅಂಗವೈಕಲ್ಯ ಇರುವವರಿಗೆ ಶೇಕಡ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳಿವೆ. ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆಂಬುದೂ ಅದೇ ಕಾಯಿದೆಯ ಮಾತು. ಹಾಗಾಗಿ ಆಟಿಸಂ ಇರುವ ಯುವಕ ಯುವತಿಯರು ನಮ್ಮ ಕಾಲೇಜುಗಳಿಗೆ ಬರುತ್ತಾರೆ. ರೋಗನಿರ್ಣಯವಾಗದೆ ಈಗಾಗಲೇ ಬಂದು ಹೋದವರೂ ಇರಬೇಕು.

ಅವರ ಒಳಹರಿವನ್ನು ನಾವು ಎಷ್ಟು ಹೆಚ್ಚಿಸುತ್ತೇವೆಂದು ಒಮ್ಮೆ ಅಳೆಯೋಣ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, ಜೊತೆಗೆ ಗುಂಯ್‌ಗುಡುತ್ತದೆ. ನಮ್ಮಲ್ಲಿ ಬಹುತೇಕರಿಗೆ ಅದು ಗೊತ್ತಾಗುವುದಿಲ್ಲ. ತಮಗೆ ಅದು ಹಿಂಸೆಯೆಂದು ಹೇಳುವವರಿದ್ದಾರೆ. ಎಲೆಕ್ಟ್ರಾನಿಕ್ ಚೋಕ್ ಹಾಕಿದರೆ ಆ ಆವೃತ್ತಿ ಹತ್ತಾರು ಸಾವಿರ ಹರ್ಟ್ಸ್‌ಗೆ ಏರಿ ತೊಂದರೆ ತಪ್ಪುತ್ತದೆ. ಮನುಷ್ಯನನ್ನು ಬದಲಿಸುವುದಕ್ಕಿಂತ ಚೋಕ್ ಬದಲಿಸುವುದು ಸುಲಭವಲ್ಲವೆ?

ಪ್ರಾಯೋಗಿಕ ಪರೀಕ್ಷೆಯ ವೈವಾದಲ್ಲಿ ಮೂವರು ಪರೀಕ್ಷಕರು ಒಬ್ಬರ ಮೇಲೊಬ್ಬರು ಪ್ರಶ್ನೆ ಹಾಕಿದಾಗ ಮಾತು ನಿಂತುಹೋದ ವಿದ್ಯಾರ್ಥಿಯೊಬ್ಬನನ್ನು ನಾನು ನೋಡಿದ್ದೇನೆ. ಅವನ ಸ್ಥಿತಿಯ ಬಗ್ಗೆ ಮನೆಯವರು ಮೊದಲೇ ತಿಳಿಸಿದ್ದರು. ಅವನನ್ನು ಪಕ್ಕದ ಕೋಣೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಬಿಟ್ಟು, ಅದೇ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಟ್ಟೆವು. ಉತ್ತರಗಳು ಬಂದವು, ಚೆನ್ನಾಗಿಯೇ ಬಂದವು. ಪ್ರಶ್ನೆ ಬದಲಾಗಿರಲಿಲ್ಲ, ವಿದ್ಯಾರ್ಥಿಯೂ ಬದಲಾಗಿರಲಿಲ್ಲ. ಬದಲಾದದ್ದು ಕೋಣೆ ಮತ್ತು ಕೇಳಿದ ರೀತಿ ಮಾತ್ರ.

ಯಾರಾದರೂ ಕಂಗೆಟ್ಟಾಗ ಮಾಡಬೇಕಾದ್ದು ಹೆಚ್ಚೇನಿಲ್ಲ. ಸದ್ದು, ಬೆಳಕು, ಜನ ಇವುಗಳನ್ನು ಕಡಿಮೆ ಮಾಡಿ. ಮಾತು ಕಡಿಮೆ ಮಾಡಿ, ಏನಾಯಿತು, ಏಕಾಯಿತು ಎಂದು ಆಗಲೇ ವಿಚಾರಿಸಬೇಡಿ. ಕೇಳದೆ ಮುಟ್ಟಬೇಡಿ. ಕೈ ಅಲ್ಲಾಡಿಸುವುದು, ತೂಗುವುದು, ಒಂದೇ ಮಾತನ್ನು ಹೇಳಿಕೊಳ್ಳುವುದು ಯಾರಿಗೂ ಅಪಾಯವಿಲ್ಲದಿದ್ದರೆ ನಿಲ್ಲಿಸಬೇಡಿ. ತಲೆ ಚಚ್ಚಿಕೊಳ್ಳುವಂಥ ಅಪಾಯವಿದ್ದರೆ ಮೆತ್ತನೆಯ ವಸ್ತುವನ್ನು ಅಡ್ಡ ಹಿಡಿಯಿರಿ. ಸಮಯ ಕೊಡಿ. ಮರುದಿನ ಅದನ್ನು ಅಪರಾಧದಂತೆ ಎತ್ತಿ ಆಡಬೇಡಿ. ಶಾಂತವಾಗಿರುವಾಗ ಅವರನ್ನೇ ಕೇಳಿ ಮುಂದಿನ ಬಾರಿಗೆ ಏರ್ಪಾಡು ಮಾಡಿಕೊಳ್ಳಿ: ಎದ್ದು ಹೋಗಲು ಒಂದು ಸನ್ನೆ, ಕೂರಲು ಒಂದು ಸ್ಥಳ, ವೇಳಾಪಟ್ಟಿ ಬದಲಾದರೆ ಮೊದಲೇ ಲಿಖಿತ ಸೂಚನೆ, ಬೇಕಾದವರಿಗೆ ಕಿವಿಮುಚ್ಚುಗೆ. ಸಂಕಟ ಪದೇ ಪದೇ ಬರುತ್ತಿದ್ದರೆ, ತಮಗೆ ತಾವೇ ಹಾನಿ ಮಾಡಿಕೊಳ್ಳುವ ಮಾತು ಬಂದರೆ, ತಡಮಾಡದೆ ತಜ್ಞರ ನೆರವು ಪಡೆಯಬೇಕು.

ಉಪಕರಣ ತಪ್ಪು ಅಳತೆ ತೋರಿಸಿದಾಗ ಉಪಕರಣವನ್ನೇ ದೂರುವ ಮೊದಲು ಸುತ್ತಲಿನ ತಾಪ, ಕಂಪನ, ಬೆಳಕನ್ನು ಪರೀಕ್ಷಿಸಿ ಎಂದು ನಾವು ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ‘ರೇನ್ ಮ್ಯಾನ್’ ಈ ಪರೀಕ್ಷೆ ಮಾಡಲಿಲ್ಲ. ಗ್ರಾಂಡಿನ್ ಮಾಡಿದರು, ತಮ್ಮೊಬ್ಬರ ಮಟ್ಟಿಗೆ. ಮೂರು ಕೃತಿಗಳನ್ನೂ ಶಿಕ್ಷಕರು ನೋಡಲಿ, ಓದಲಿ. ಆಮೇಲೆ ತಮ್ಮ ತರಗತಿಯ ಕೋಣೆಯಲ್ಲಿ ಐದು ನಿಮಿಷ ಕಣ್ಣು ಮುಚ್ಚಿ ಕುಳಿತು ಅಲ್ಲಿ ಏನೇನು ಕೇಳಿಸುತ್ತದೆಂದು ಪಟ್ಟಿ ಮಾಡಲಿ. ಪರಿಹಾರದ ಕೆಲಸವನ್ನು ಆ ಪಟ್ಟಿಯಿಂದ ಆರಂಭಿಸಬಹುದು.